ಹಳೆಯ ಬ್ರಿಟಿಷ್ ಅಪ್‌ರೈಟ್ ಪಿಯಾನೋ ಕೊಳ್ಳುವ ಮುನ್ನ ಏನೇನು ನೋಡಬೇಕು?

ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅಪ್‌ರೈಟ್ ಅಂದರೆ ತಂತಿಗಳು ನೆಟ್ಟಗೆ ನಿಂತಿರುವ, ಗೋಡೆಯ ಪಕ್ಕ ಇಡುವ ಪಿಯಾನೋ. ಮಗಳು ಪಿಯಾನೋ ಕ್ಲಾಸಿಗೆ ಸೇರಿದ್ದಾಳೆ, ಹತ್ತಿರದಲ್ಲೇ ಯಾರೋ ನೂರು ವರ್ಷ ಹಳೆಯ ಲಂಡನ್ ಪಿಯಾನೋ ಪುಕ್ಕಟೆ ಕೊಡುತ್ತಿದ್ದಾರೆ, ಹೊತ್ತುಕೊಂಡು ಹೋದರೆ ಸಾಕಂತೆ. ತರೋಣವೇ? ಜೊತೆಗೆ ಕಳಿಸುವ ಫೋಟೋದಲ್ಲಿ ಹಿತ್ತಾಳೆಯ ಮೇಣದಬತ್ತಿ ಹಿಡಿಗಳು, ಬಂಗಾರದ ಬಣ್ಣದ ಅಕ್ಷರ, ಹೊಳೆಯುವ ಮರ ಎಲ್ಲವೂ ಇರುತ್ತವೆ. ನೋಡಬೇಕಾದ ಒಂದು ಭಾಗ ಮಾತ್ರ ಇರುವುದಿಲ್ಲ.

ಆ ಭಾಗ ಮೇಲ್ಮುಚ್ಚಳದ ಕೆಳಗಿದೆ. ವೀಣೆಗೆ ಬಿರಡೆ ಇದ್ದಂತೆ ಪಿಯಾನೋಗೂ ಬಿರಡೆಗಳಿವೆ, ಇನ್ನೂರಕ್ಕೂ ಮಿಕ್ಕಿ. ಉಕ್ಕಿನ ಈ ಪಿನ್‌ಗಳು ಗಟ್ಟಿಮರದ ಒಂದು ದಪ್ಪ ಹಲಗೆಯಲ್ಲಿ ಬರೀ ಬಿಗಿತದಿಂದ ನಿಂತಿರುತ್ತವೆ. ಬ್ರಿಟಿಷ್ ಕುಶಲಕರ್ಮಿಗಳು ಈ ಹಲಗೆಯನ್ನು ರೆಸ್ಟ್‌ಪ್ಲ್ಯಾಂಕ್ ಎನ್ನುತ್ತಾರೆ, ಇಲ್ಲಿ ಬಿರಡೆ ಹಲಗೆ ಎನ್ನೋಣ. ತಂತಿಗಳೆಲ್ಲ ಸೇರಿ ಎಳೆಯುವ ಭಾರ ಹಲವು ಟನ್. ನೂರು ಚಳಿಗಾಲ ಕಂಡ ಹಲಗೆ ಸೀಳಿದ್ದರೆ ಅಥವಾ ಬಿರಡೆಯ ತೂತುಗಳು ಸಡಿಲಗೊಂಡಿದ್ದರೆ ಶ್ರುತಿ ನಿಲ್ಲುವುದಿಲ್ಲ. ಉಳಿದ ದೋಷಗಳನ್ನು ಸ್ವಲ್ಪ ಖರ್ಚಿನಲ್ಲೋ ಹೆಚ್ಚು ಖರ್ಚಿನಲ್ಲೋ ಸರಿಮಾಡಬಹುದು. ಇದನ್ನು ಸರಿಪಡಿಸುವ ಖರ್ಚು ಮಾತ್ರ ಸಾಧಾರಣ ಪಿಯಾನೋದ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ.

ಮಗುವಿನ ಕಲಿಕೆಯೊಂದೇ ಉದ್ದೇಶವಾದರೆ 1970ರ ನಂತರದ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಪಿಯಾನೋ, ಅಥವಾ 88 ಕೀಗಳ ಡಿಜಿಟಲ್ ವಾದ್ಯ ಹೆಚ್ಚು ಸುರಕ್ಷಿತ. ಹಳೆಯ ಮರದ ನಾದವೇ ಬೇಕು, ವರ್ಷಕ್ಕೆರಡು ಸಲ ಟ್ಯೂನರ್‌ಗೆ ದುಡ್ಡು ಕೊಡಲು ಬೇಸರವಿಲ್ಲ ಅನ್ನುವವರು ಮುಂದೆ ಓದಿ.

ನೋಡಲು ಹೋಗುವಾಗ ಜೊತೆಗಿರಲಿ: ಒಳ್ಳೆಯ ಟಾರ್ಚ್, ಶ್ರುತಿ ತೋರಿಸುವ ಆ್ಯಪ್ ಇರುವ ಫೋನ್, ಅಳತೆ ಟೇಪು, ಚಿಕ್ಕ ಕೈಗನ್ನಡಿ, ಪೆನ್ನು ಮತ್ತು ಕಾಗದ. ಹಲಗೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು.

ಹಂತ 1: ಮನೆ ಬಿಡುವ ಮೊದಲೇ ಕೇಳಿ

ಮಾರುವವರಿಗೆ ಸಂದೇಶ ಕಳಿಸಿ ನಾಲ್ಕು ವಿಷಯ ತಿಳಿದುಕೊಳ್ಳಿ. ಕೊನೆಯ ಸಲ ಶ್ರುತಿ ಮಾಡಿಸಿದ್ದು ಯಾವಾಗ, ಮಾಡಿದ್ದು ಯಾರು? ಈಗ ಎಲ್ಲಿಟ್ಟಿದ್ದಾರೆ? ಯಾವ ಮಹಡಿ, ಬಾಗಿಲಿಗೆ ಎಷ್ಟು ಮೆಟ್ಟಿಲು? ಮೇಲ್ಮುಚ್ಚಳ ಎತ್ತಿ, ಒಳಗಿನದು ಕಾಣುವಂತೆ ಒಂದು ಫೋಟೋ ಕಳಿಸುತ್ತಾರೆಯೇ?

ಕೆಲವು ಉತ್ತರ ಕೇಳಿದ ಕೂಡಲೇ ಹಿಂದೆ ಸರಿಯಬಹುದು. ಗ್ಯಾರೇಜಿನಲ್ಲೋ ತೋಟದ ಶೆಡ್ಡಿನಲ್ಲೋ ಗಾಜಿನ ಕನ್ಸರ್ವೇಟರಿಯಲ್ಲೋ ಒಂದು ಚಳಿಗಾಲ ಕಳೆದಿದ್ದರೆ ಬೇಡ. "ಸ್ವಲ್ಪ ಶ್ರುತಿ ಮಾಡಿಸಬೇಕು ಅಷ್ಟೆ" ಎನ್ನುವ ಮಾತಿಗೆ ಬೆಲೆ ಕೊಡಬೇಡಿ. ಹತ್ತು ವರ್ಷ ಮುಟ್ಟದ ಪಿಯಾನೋಗೂ ಜನ ಅದನ್ನೇ ಹೇಳುತ್ತಾರೆ, ಹೆಚ್ಚಿನವರು ನಿಜವೆಂದು ನಂಬಿಯೇ ಹೇಳುತ್ತಾರೆ. ಪ್ರತಿವರ್ಷ ಒಬ್ಬನೇ ಟ್ಯೂನರ್ ಬರುತ್ತಿದ್ದಾನೆ ಎಂದಾದರೆ ಅದು ಒಳ್ಳೆಯ ಲಕ್ಷಣ. ಆ ಟ್ಯೂನರ್ ಹೆಸರು ಕೇಳಿ ಪಡೆದು ಒಂದು ಫೋನ್ ಮಾಡಿ. ಅವರಷ್ಟು ಆ ವಾದ್ಯವನ್ನು ಬಲ್ಲವರು ಬೇರೆ ಇಲ್ಲ.

ಹಂತ 2: ಹೆಸರು, ವಯಸ್ಸು

ಕೀಗಳ ಮೇಲಿನ ಮುಚ್ಚಳದಲ್ಲಿ ಬರೆದ ಹೆಸರಿನಿಂದ ಒಂದಿಷ್ಟು ತಿಳಿಯುತ್ತದೆ, ಎಲ್ಲವೂ ಅಲ್ಲ. ಬ್ರಾಡ್‌ವುಡ್, ಕೊಲಾರ್ಡ್ ಅಂಡ್ ಕೊಲಾರ್ಡ್, ಚಾಪೆಲ್, ಬ್ರಿನ್ಸ್‌ಮೀಡ್, ಚಾಲೆನ್, ಹಾಪ್ಕಿನ್ಸನ್, ರೋಜರ್ಸ್ ಇವೆಲ್ಲ ಲಂಡನ್ನಿನ ನಿಜವಾದ ತಯಾರಕರು. ಆ ಕಾಲದಲ್ಲಿ ಕ್ಯಾಮ್ಡನ್ ಟೌನ್ ಸುತ್ತ ಪಿಯಾನೋ ಕಾರ್ಖಾನೆಗಳ ಸಾಲೇ ಇತ್ತು. ಕೊಲಾರ್ಡ್ ಕಂಪನಿಯ ದುಂಡನೆಯ ಕಾರ್ಖಾನೆ ಕಟ್ಟಡ ಓವಲ್ ರಸ್ತೆಯಲ್ಲಿ ಇವತ್ತಿಗೂ ನಿಂತಿದೆ. ಆದರೆ ಎಷ್ಟೋ ಪಿಯಾನೋಗಳ ಮೇಲೆ ಇರುವುದು ಊರಿನ ಅಂಗಡಿಯವನ ಹೆಸರು. ಯಾವುದೋ ಕಾರ್ಖಾನೆಯಿಂದ ತರಿಸಿ ತನ್ನ ಹೆಸರು ಬರೆಸಿ ಮಾರುತ್ತಿದ್ದ. ಹೆಸರಿನ ಪಕ್ಕ ‘ಲಂಡನ್’ ಅಂತ ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಕಂಪನಿ ಮುಚ್ಚಿದ ಮೇಲೂ ಹೆಸರು ಮಾರಾಟವಾಗಿ ಬೇರೆಯವರ ವಾದ್ಯಗಳ ಮೇಲೆ ಮುಂದುವರಿದದ್ದುಂಟು, ಬ್ರಿನ್ಸ್‌ಮೀಡ್ ಹೆಸರಿಗೆ ಆದದ್ದೂ ಅದೇ.

ವಯಸ್ಸು ತಿಳಿಯಲು ಕ್ರಮಸಂಖ್ಯೆ ಹುಡುಕಿ. ಕಬ್ಬಿಣದ ಚೌಕಟ್ಟಿನ ಮೇಲೆ, ಮೇಲ್ಮುಚ್ಚಳದ ಒಳಗೆ, ಪಕ್ಕದ ಹಲಗೆಯ ಮೇಲ್ತುದಿಯಲ್ಲಿ, ಇಲ್ಲವೇ ಎಡಗಡೆಯ ಮೊದಲ ಕೀಯ ಮರದ ಮೇಲೆ ಅಚ್ಚೊತ್ತಿರುತ್ತದೆ. ದೊಡ್ಡ ತಯಾರಕರ ಕ್ರಮಸಂಖ್ಯೆಗೆ ವರ್ಷ ಹೊಂದಿಸುವ ಪಟ್ಟಿಗಳು ಟ್ಯೂನರ್‌ಗಳ ಬಳಿ ಇರುತ್ತವೆ. ಒಳಗೆ ಪದಕಗಳ ಚಿತ್ರವಿದ್ದು ‘1885ರ ಇನ್ವೆನ್ಷನ್ಸ್ ಎಕ್ಸಿಬಿಷನ್’ ಎಂದೆಲ್ಲ ಬರೆದಿದ್ದರೆ, ಅದು ಕಂಪನಿಗೆ ಪದಕ ಬಂದ ವರ್ಷ. ನಿಮ್ಮ ಪಿಯಾನೋ ಅದಕ್ಕಿಂತ ಈಚಿನದು ಎಂದಷ್ಟೇ ಅರ್ಥ. ಮಾರುವವರು ಇದನ್ನೇ ಹುಟ್ಟಿದ ವರ್ಷ ಎಂದು ಹೇಳಿಬಿಡುತ್ತಾರೆ.

ಹಂತ 3: ತೆರೆದು ಮೂರು ಸಂಗತಿ ಗುರುತಿಸಿ

ಮೊದಲು ಮಾರುವವರ ಅನುಮತಿ ಕೇಳಿ. ಮೇಲ್ಮುಚ್ಚಳ ಎತ್ತಿ ಹಿಂದಕ್ಕೆ ಒರಗಿಸಿ. ಮುಂದಿನ ಮೇಲ್ಹಲಗೆಯ ಒಳಗೆ ಎಡಕ್ಕೊಂದು ಬಲಕ್ಕೊಂದು ತಿರುಗುವ ಮರದ ಅಥವಾ ಹಿತ್ತಾಳೆಯ ಚಿಲಕ ಇರುತ್ತದೆ. ಅದನ್ನು ತಿರುಗಿಸುವಾಗ ಇನ್ನೊಬ್ಬರು ಹಲಗೆಯನ್ನು ಮುಂದಿನಿಂದ ಹಿಡಿದಿರಲಿ, ಇಲ್ಲದಿದ್ದರೆ ಅದು ನೇರ ಕೀಗಳ ಮೇಲೆ ಬೀಳುತ್ತದೆ. ಕೆಳಗಿನ ಹಲಗೆ, ಅಂದರೆ ಮೊಣಕಾಲಿನ ಎದುರಿನದು, ಕೀಗಳ ಅಡಿಯಲ್ಲಿರುವ ಒಂದು ಸ್ಪ್ರಿಂಗ್ ಪಟ್ಟಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಪಟ್ಟಿಯನ್ನು ಮೇಲಕ್ಕೊತ್ತಿ ಹಲಗೆಯನ್ನು ನಿಮ್ಮತ್ತ ಎಳೆದರೆ ಕೈಗೆ ಬರುತ್ತದೆ. ಇಷ್ಟಕ್ಕೆ ಯಾವ ಹತಾರವೂ ಬೇಡ.

ಈಗ ಟಾರ್ಚ್ ಬಿಡಿ.

ಮೊದಲನೆಯದು ಚೌಕಟ್ಟು. ಬೀಡುಕಬ್ಬಿಣದ ಚೌಕಟ್ಟು ಬಿರಡೆಗಳ ಮೇಲಿನವರೆಗೂ ಹೋಗಿದ್ದರೆ ಅದು ಪೂರ್ಣ ಕಬ್ಬಿಣದ ಚೌಕಟ್ಟು. ಕಬ್ಬಿಣ ಬಿರಡೆಗಳ ಕೆಳಗೇ ನಿಂತು, ಮೇಲೆ ಬರೀ ಮರ ಕಂಡರೆ ಮುಕ್ಕಾಲು ಚೌಕಟ್ಟು. ಮುಕ್ಕಾಲಿನದರಲ್ಲಿ ಎಳೆತದ ಒಂದು ಪಾಲನ್ನು ಮರವೇ ಹೊರಬೇಕು, ನೂರು ವರ್ಷದಲ್ಲಿ ಬಾಗುವುದು ಸೀಳುವುದು ಹೆಚ್ಚು.

ಎರಡನೆಯದು ತಂತಿಗಳ ದಿಕ್ಕು. ಎಲ್ಲ ತಂತಿಗಳೂ ಸಾಲಾಗಿ ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಅದು ನೇರ ತಂತಿಯದು. ತಾಮ್ರ ಸುತ್ತಿದ ಮಂದ್ರದ ತಂತಿಗಳು ಓರೆಯಾಗಿ, ಉಳಿದವುಗಳ ಮೇಲೆ ಹಾದುಹೋಗಿದ್ದರೆ ಅಡ್ಡ ತಂತಿಯದು. ಇದನ್ನು ಓವರ್‌ಸ್ಟ್ರಂಗ್ ಎನ್ನುತ್ತಾರೆ. ಅಡ್ಡ ಹಾಕಿದಾಗ ಅದೇ ಎತ್ತರದ ಪೆಟ್ಟಿಗೆಯಲ್ಲಿ ಉದ್ದನೆಯ ತಂತಿ ಹಿಡಿಯುತ್ತದೆ, ಮಂದ್ರ ಸ್ವರ ತುಂಬಿ ಬರುತ್ತದೆ.

ಮೂರನೆಯದು ಡ್ಯಾಂಪರ್, ಅಂದರೆ ಕೀ ಬಿಟ್ಟಾಗ ತಂತಿಯ ಕಂಪನ ನಿಲ್ಲಿಸುವ ಫೆಲ್ಟ್ (ಒತ್ತಿದ ಉಣ್ಣೆ) ತುಂಡು. ಕೀ ಒತ್ತಿದಾಗ ತಂತಿಗೆ ಬಡಿಯುವ ಚಿಕ್ಕ ಸುತ್ತಿಗೆಗಳ ಮುಂದೆ ಪಂಜರದ ಸರಳುಗಳಂತೆ ತೆಳ್ಳನೆಯ ತಂತಿಕಡ್ಡಿಗಳ ಸಾಲು ಕಂಡರೆ ಅದು ಮೇಲ್ಡ್ಯಾಂಪರ್ ಯಂತ್ರ. ಇಂಗ್ಲಿಷ್ ಟ್ಯೂನರ್‌ಗಳು ಇದನ್ನು ಬರ್ಡ್‌ಕೇಜ್ ಎಂದೇ ಕರೆಯುತ್ತಾರೆ, ಅಷ್ಟೇನೂ ಪ್ರೀತಿಯಿಂದಲ್ಲ. ಇದರಲ್ಲಿ ಫೆಲ್ಟ್ ಒತ್ತುವುದು ಸುತ್ತಿಗೆಯ ಮೇಲ್ಗಡೆ, ತಂತಿಯ ತುದಿಯ ಹತ್ತಿರ. ಅಲ್ಲಿ ಕಂಪನವೇ ಕಡಿಮೆ, ಆದ್ದರಿಂದ ಸದ್ದು ತಟ್ಟನೆ ನಿಲ್ಲುವುದಿಲ್ಲ. ಎಡಗಡೆಯಲ್ಲಿ ನಾಲ್ಕು ಕೀ ಒಟ್ಟಿಗೆ ಜೋರಾಗಿ ಒತ್ತಿ ಕೈ ತೆಗೆಯಿರಿ. ಗುಂಯ್ ಎನ್ನುವ ಸದ್ದು ಎಳೆಯುತ್ತಲೇ ಇದ್ದರೆ ಕಾರಣ ಅದೇ. ಜೊತೆಗೆ ಆ ಕಡ್ಡಿಗಳ ಸಂದಿಯಲ್ಲಿ ಶ್ರುತಿ ಮಾಡುವುದು ಕಿರಿಕಿರಿ. ಹೆಚ್ಚು ದುಡ್ಡು ಕೇಳುವ, ಬರುವುದೇ ಇಲ್ಲ ಎನ್ನುವ ಟ್ಯೂನರ್‌ಗಳಿದ್ದಾರೆ. ಡ್ಯಾಂಪರ್‌ಗಳು ಸುತ್ತಿಗೆಯ ಕೆಳಗಿದ್ದರೆ ಕೆಳಡ್ಯಾಂಪರ್, ಅದೇ ಬೇಕಾದದ್ದು.

ಸ್ಥೂಲವಾಗಿ ಹೇಳುವುದಾದರೆ ನೇರ ತಂತಿ, ಮುಕ್ಕಾಲು ಚೌಕಟ್ಟು, ಪಂಜರದ ಡ್ಯಾಂಪರ್, ಮೇಣದಬತ್ತಿ ಹಿಡಿ ಇವಿಷ್ಟೂ ಒಟ್ಟಿಗಿದ್ದರೆ ವಿಕ್ಟೋರಿಯಾ ಕಾಲದ ಕೊನೆಯದ್ದೋ 20ನೇ ಶತಮಾನದ ಮೊದಲ ವರ್ಷಗಳದ್ದೋ ಇರಬೇಕು. ಕಲಿಯುವವರಿಗೆ ಪುಕ್ಕಟೆ ಸಿಕ್ಕರೂ ಬೇಡ. ಪೂರ್ಣ ಚೌಕಟ್ಟು, ಅಡ್ಡ ತಂತಿ, ಕೆಳಡ್ಯಾಂಪರ್ ಇರುವ, ಹೊರಗೆ ಹೆಚ್ಚು ಅಲಂಕಾರವಿಲ್ಲದ 1910ರಿಂದ 1930ರ ನಡುವಿನ ವಾದ್ಯಗಳಲ್ಲಿ ಹುಡುಕಿ. ಚಂದದ್ದನ್ನು ಬಿಟ್ಟು ಸಪ್ಪೆ ಕಾಣುವುದನ್ನು ಆರಿಸಿ ಎಂದು ಮನೆಯವರನ್ನು ಒಪ್ಪಿಸುವುದೇ ಇಲ್ಲಿ ಕಷ್ಟದ ಕೆಲಸ.

1930ರ ದಶಕದ ಚಿಕ್ಕ ‘ಮಿನಿಪಿಯಾನೋ’ಗಳ ಬಗ್ಗೆ ಎಚ್ಚರ. ಫ್ಲ್ಯಾಟಿಗೆ ಹೇಳಿ ಮಾಡಿಸಿದಂತೆ ಕಾಣುತ್ತವೆ. ಮೊದಲ ಮಾದರಿಗಳಲ್ಲಿ ಬಿರಡೆಗಳು ಕೀಲಿಮಣೆಯ ಕೆಳಗಿವೆ. ರಿಪೇರಿಗೆ ಒಪ್ಪುವವರು ಸಿಗುವುದು ಕಷ್ಟ.

ಹಂತ 4: ಶ್ರುತಿ ಮತ್ತು ಬಿರಡೆ

ಇಲ್ಲಿ ಅವಸರ ಬೇಡ, ಭೇಟಿಯ ಅರ್ಧ ಸಮಯ ಇದಕ್ಕೇ ಹೋಗಲಿ.

ಎಡಗಡೆಯಿಂದ ಬಿಳಿ, ಕಪ್ಪು ಎಲ್ಲ ಸೇರಿಸಿ ಎಣಿಸಿದರೆ 49ನೆಯ ಕೀ ‘ಎ’ ಸ್ವರ. ಅದರ ಕಂಪನ ಸೆಕೆಂಡಿಗೆ 440 ಇರಬೇಕು. ಫೋನಿನ ಆ್ಯಪ್‌ನಲ್ಲಿ ನೋಡಿ ಬರೆದುಕೊಳ್ಳಿ. ಅದೇ ಸ್ವರದ ಕೆಳಗಿನ ಮತ್ತು ಮೇಲಿನ ಸ್ಥಾಯಿಗಳನ್ನೂ ನೋಡಿ: 110, 220, 880 ಬರಬೇಕು. 435ರ ಆಸುಪಾಸಿದ್ದರೆ ಚಿಂತೆಯಿಲ್ಲ, ಒಂದೆರಡು ಸಲದ ಶ್ರುತಿಯಲ್ಲಿ ಮೇಲೆ ಬರುತ್ತದೆ. 427 ಅಂದರೆ ಕಾಲು ಸ್ವರ ಇಳಿದಿದೆ. 415 ಅಂದರೆ ಪೂರ್ತಿ ಅರ್ಧ ಸ್ವರ ಇಳಿದಿದೆ, ಮಗು ‘ಸಿ’ ಒತ್ತಿದರೆ ಕೇಳುವುದು ‘ಬಿ’.

ಇಷ್ಟು ಇಳಿದದ್ದನ್ನು ಒಮ್ಮೆಲೇ ಬಿಗಿದರೆ ತುಕ್ಕು ಹಿಡಿದ ತಂತಿ ತುಂಡಾಗುತ್ತದೆ, ಹಳೆಯ ಹಲಗೆಯ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಕೆಲವು ಟ್ಯೂನರ್‌ಗಳು "ಅದರ ಪಾಡಿಗೆ ಅದನ್ನು ಹೊಂದಿಸುತ್ತೇನೆ" ಎನ್ನುತ್ತಾರೆ. ಇಳಿದ ಮಟ್ಟದಲ್ಲೇ ಸ್ವರಗಳನ್ನು ಒಂದಕ್ಕೊಂದು ಹೊಂದಿಸಿ ಕೊಡುವುದು ಎಂದರ್ಥ. ಒಬ್ಬರೇ ಕೂತು ನುಡಿಸಲು ಅಡ್ಡಿಯಿಲ್ಲ. ಪಿಟೀಲಿನ ಜೊತೆ, ಹಾರ್ಮೋನಿಯಂ ಜೊತೆ, ರೆಕಾರ್ಡಿಂಗ್ ಜೊತೆ ನುಡಿಸಲು ಬಾರದು. ಪರೀಕ್ಷೆಗೆ ಹೋಗುವ ಮಗುವಿನ ಕಿವಿಯೂ ತಪ್ಪು ಮಟ್ಟಕ್ಕೆ ಒಗ್ಗಿಕೊಳ್ಳುತ್ತದೆ.

ಇಳಿದಿದೆಯೋ ಇಲ್ಲವೋ ಎಂಬುದಕ್ಕಿಂತ ಹೇಗೆ ಇಳಿದಿದೆ ಎಂಬುದು ಮುಖ್ಯ. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಬರೀ ಅಲಕ್ಷ್ಯ, ವರ್ಷಗಟ್ಟಲೆ ಯಾರೂ ಶ್ರುತಿ ಮಾಡಿಸಿಲ್ಲ. ಸುತ್ತಲಿನವು ಸರಿಯಾಗಿದ್ದು ನಡುವೆ ಒಂದೆರಡು ಮಾತ್ರ ವಿಕಾರವಾಗಿ ಕೇಳಿದರೆ ಆ ಬಿರಡೆಗಳು ಜಾರುತ್ತಿವೆ. ನಡುವಿನಿಂದ ಬಲಕ್ಕೆ ಪ್ರತಿ ಸ್ವರಕ್ಕೂ ಸಾಮಾನ್ಯವಾಗಿ ಮೂರು ತಂತಿ ಇರುತ್ತವೆ. ಮೂರರಲ್ಲಿ ಒಂದು ಜಾರಿದರೂ ಒಂದೇ ಸ್ವರದಲ್ಲಿ ಅಲೆಯೆದ್ದಂತೆ, ಒಡೆದ ಗಂಟಲಿನಂತೆ ಕೇಳುತ್ತದೆ. ಹೀಗೆ ಕೇಳುವ ಕೀಗಳ ಪಟ್ಟಿ ಮಾಡಿ. ಅಲ್ಲೊಂದು ಇಲ್ಲೊಂದು ಇದ್ದರೆ ಸ್ವಲ್ಪ ದಪ್ಪನೆಯ ಬಿರಡೆ ಹಾಕಿ ಸರಿಮಾಡುತ್ತಾರೆ. ಹತ್ತಾರು ಇದ್ದರೆ, ಅದರಲ್ಲೂ ಒಂದೇ ಕಡೆ ಗುಂಪಾಗಿದ್ದರೆ, ಹಲಗೆ ಸೀಳಿದೆ ಎಂದೇ ತಿಳಿಯಿರಿ.

ಆಮೇಲೆ ಬಿರಡೆಗಳನ್ನೇ ಹತ್ತಿರದಿಂದ ನೋಡಿ. ಒಳ್ಳೆಯ ಸ್ಥಿತಿಯಲ್ಲಿ ತಂತಿಯ ಸುರುಳಿಗೂ ಕೆಳಗಿನ ಮೇಲ್ಮೈಗೂ ನಡುವೆ ಕೆಲವು ಮಿಲಿಮೀಟರ್ ಜಾಗ ಕಾಣುತ್ತದೆ. ಸುರುಳಿ ಕಬ್ಬಿಣಕ್ಕೋ ಮರಕ್ಕೋ ತಾಗಿಯೇ ಕೂತಿದ್ದರೆ, ಸಡಿಲವಾದಾಗಲೆಲ್ಲ ಸುತ್ತಿಗೆಯಿಂದ ಒಳಕ್ಕೆ ಹೊಡೆದಿದ್ದಾರೆ, ಇನ್ನು ಹೊಡೆಯಲು ಜಾಗ ಉಳಿದಿಲ್ಲ. ಬಿರಡೆಯ ಬುಡದ ಸುತ್ತ ಎಣ್ಣೆ ಇಂಗಿದಂತೆ ಕಪ್ಪು ವರ್ತುಲವಿದ್ದರೆ ಮರ ಊದಿಸುವ ದ್ರಾವಣ ಹಾಕಿದ್ದಾರೆ. ತುಂಬ ಹಳೆಯವುಗಳ ನಡುವೆ ಬೆಳ್ಳಗೆ ಮಿನುಗುವ ಹೊಸ ಬಿರಡೆಗಳು, ತೂತಿನ ಅಂಚಿನಲ್ಲಿ ಇಣುಕುವ ಉಪ್ಪುಕಾಗದದ ಚೂರು ಇವು ಹಿಂದಿನ ರಿಪೇರಿಯ ಗುರುತು. ಮರ ಕಾಣುವ ಮುಕ್ಕಾಲು ಚೌಕಟ್ಟಿನಲ್ಲಿ ಒಂದು ಬಿರಡೆಯಿಂದ ಪಕ್ಕದ ಬಿರಡೆಗೆ ಕೂದಲೆಳೆಯಷ್ಟು ಸೀಳು ಹರಿದಿದೆಯೇ ಎಂದು ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಅದು ಕಾಣುವುದಿಲ್ಲ.

ನೀವಾಗಿ ಬಿರಡೆ ತಿರುಗಿಸಿ ನೋಡಬೇಡಿ. ಗ್ಯಾರೇಜಿನ ಸ್ಪ್ಯಾನರ್ ಹಾಕಿದರೆ ಬಿರಡೆಯ ಚೌಕ ತಲೆ ಹಾಳಾಗುತ್ತದೆ, ತಂತಿ ಕಿತ್ತು ಮುಖಕ್ಕೆ ಹೊಡೆಯಲೂಬಹುದು.

ಹಂತ 5: ಕೀಗಳು, ಸುತ್ತಿಗೆಗಳು

ಎಡದ ತುದಿಯಿಂದ ಬಲದ ತುದಿಯವರೆಗೆ ಪ್ರತಿ ಕೀಯನ್ನೂ ಮೂರು ರೀತಿ ಒತ್ತಿ: ಮೆಲ್ಲಗೆ, ಜೋರಾಗಿ, ಬೇಗಬೇಗನೆ ಐದಾರು ಸಲ. ಕೀ ಕೆಳಗೇ ಸಿಕ್ಕಿಕೊಂಡರೆ ಸಾಮಾನ್ಯವಾಗಿ ತೇವಕ್ಕೆ ಊದಿದೆ, ಟ್ಯೂನರ್ ಅದೇ ದಿನ ಸರಿಮಾಡುತ್ತಾರೆ. ಕೀ ಮೇಲೆ ಬಂದರೂ ಸುತ್ತಿಗೆ ಹಿಂದಿರುಗದೆ ತಂತಿಯ ಬಳಿಯೇ ತೂಗಾಡಿದರೆ ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗಿನ ರೇಷ್ಮೆ ದಾರದ ಕುಣಿಕೆ ನಶಿಸಿರುತ್ತದೆ. ಒಂದು ನಶಿಸಿದರೆ ಉಳಿದವೂ ಅದೇ ವಯಸ್ಸಿನವು, ಎಲ್ಲ ಕುಣಿಕೆಗಳನ್ನೂ ಬದಲಿಸುವ ಕೂಲಿ ಲೆಕ್ಕಕ್ಕೆ ಹಿಡಿಯಿರಿ.

ಸುತ್ತಿಗೆಗಳ ಕೆಳಗೆ ಕಿರುಬೆರಳಿಗಿಂತ ತೆಳ್ಳನೆಯ ಬಟ್ಟೆ ಪಟ್ಟಿಗಳು ತೂಗುತ್ತವೆ, ತುದಿಯಲ್ಲಿ ಚರ್ಮದ ಚೂರು. ಸುತ್ತಿಗೆ ಮರಳುವುದಕ್ಕೆ ಇವು ಸಹಾಯಕ. ಹಳೆಯವು ಕೈ ತಾಗಿದರೆ ಹರಿಯುವಷ್ಟು ಜೀರ್ಣವಾಗಿರುತ್ತವೆ. ನೋಡಿ ಗಾಬರಿಯಾಗಬೇಡಿ, ಪೂರ್ತಿ ಸೆಟ್ಟು ಬದಲಿಸುವುದು ದುಬಾರಿ ಕೆಲಸವಲ್ಲ. ಬೆಲೆ ಇಳಿಸಲು ಮಾತ್ರ ಇದನ್ನು ಬಳಸಿ.

ಸುತ್ತಿಗೆಯ ಮೂತಿಯ ಫೆಲ್ಟ್ ನೋಡಿ. ತಂತಿ ಬಡಿದು ಬಡಿದು ಮೂರು ಗೆರೆ ಬಿದ್ದಿರುತ್ತವೆ. ಗೆರೆ ಆಳವಾಗಿದ್ದರೂ ಫೆಲ್ಟ್ ದಪ್ಪ ಉಳಿದಿದ್ದರೆ ಉಜ್ಜಿ ಆಕಾರ ಕೊಡಬಹುದು. ಬಲತುದಿಯ ಚಿಕ್ಕ ಸುತ್ತಿಗೆಗಳಲ್ಲಿ ಮರವೇ ತಂತಿಗೆ ಬಡಿಯುವಂತಿದ್ದರೆ ಹೊಸ ಸುತ್ತಿಗೆಗಳೇ ಬೇಕು, ಆ ಬೆಲೆಗೆ ಬೇರೆ ಪಿಯಾನೋ ಬರುತ್ತದೆ. ಕೀಯ ಒತ್ತನ್ನು ಸುತ್ತಿಗೆಗೆ ಮುಟ್ಟಿಸುವ ಯಂತ್ರದ ಮರದ ಮೇಲೆ ‘ಶ್ವಾಂಡರ್’ ಎಂಬ ಅಚ್ಚು ಕಂಡರೆ ಸಂತೋಷಪಡಿ. ಒಳ್ಳೆಯ ಯಂತ್ರ ಮಾಡುತ್ತಿದ್ದ ಪ್ಯಾರಿಸ್ ಮೂಲದ ಹೆಸರು ಅದು, ಅನೇಕ ಬ್ರಿಟಿಷ್ ತಯಾರಕರು ಅದನ್ನೇ ಕೊಂಡು ಕೂರಿಸುತ್ತಿದ್ದರು.

ಹಳೆಯವುಗಳಲ್ಲಿ 88ರ ಬದಲು 85 ಕೀ ಇರುವುದು ಸಾಮಾನ್ಯ. ಬಲತುದಿಯ ಮೂರು ಸ್ವರ ಇರುವುದಿಲ್ಲ. ಮಕ್ಕಳ ಪರೀಕ್ಷೆಯ ಪಾಠಗಳಿಗೆ ಅವು ಬೇಕಾಗುವುದು ತೀರಾ ಅಪರೂಪ, ಇದೊಂದೇ ಕಾರಣಕ್ಕೆ ಬಿಡಬೇಡಿ.

ಹಂತ 6: ಕೆಳಗೆ, ಹಿಂದೆ, ಮತ್ತು ಹುಳುಗಳು

ಕೆಳಗಿನ ಹಲಗೆ ತೆಗೆದ ಜಾಗದಲ್ಲಿ ಕುದುರೆಗಳು ಕಾಣುತ್ತವೆ. ತಂತಿಯ ಕಂಪನವನ್ನು ಹಿಂದಿನ ಸೌಂಡ್‌ಬೋರ್ಡಿಗೆ, ಅಂದರೆ ನಾದವನ್ನು ದೊಡ್ಡದು ಮಾಡುವ ತೆಳು ಹಲಗೆಗೆ, ದಾಟಿಸುವ ಮರದ ಪಟ್ಟಿಗಳು ಇವು. ಮಂದ್ರದ ಕುದುರೆಯ ಮೇಲಿನ ಚಿಕ್ಕ ಮೊಳೆಗಳ ಸಾಲಿನುದ್ದಕ್ಕೂ ಬಿರುಕಿದೆಯೇ ನೋಡಿ. ಬಿರುಕಿದ್ದರೆ ಮಂದ್ರ ಸ್ವರಗಳು ಝರ್ ಎನ್ನುತ್ತವೆ. ಸೌಂಡ್‌ಬೋರ್ಡಿನಲ್ಲಿ ಸೀಳು ಕಂಡರೆ ಮಾತ್ರ ಜನ ಅನಗತ್ಯವಾಗಿ ಹೆದರುತ್ತಾರೆ. ಸೀಳಿದ್ದೂ ಚೆನ್ನಾಗಿ ನುಡಿಯುವ ಪಿಯಾನೋಗಳು ಬೇಕಾದಷ್ಟಿವೆ. ಹಿಂದಿನ ಅಡ್ಡಪಟ್ಟಿಗಳ ಅಂಟು ಬಿಟ್ಟು ಹಲಗೆ ಅದಿರುವಂತಿದ್ದರೆ ತೊಂದರೆ. ಪಿಯಾನೋವನ್ನು ಗೋಡೆಯಿಂದ ಸರಿಸಲು ಆಗದಿದ್ದರೆ ಕೈಗನ್ನಡಿ ಮತ್ತು ಟಾರ್ಚ್‌ನಿಂದ ನೋಡಿ.

ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ದುಂಡು ತೂತುಗಳಿದ್ದರೆ ಮರ ಕೊರೆಯುವ ಹುಳು ಬಂದು ಹೋಗಿದೆ. ತೂತಿನ ಒಳಗು ಕಪ್ಪಾಗಿ ಧೂಳು ಕೂತಿದ್ದರೆ ಹಳೆಯ ಕಥೆ. ಕೆಳಗೆ ತಿಳಿಬಣ್ಣದ ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಒಳಗಿದೆ, ಅದು ನಿಮ್ಮ ಮನೆಯ ನೆಲದ ಹಲಗೆಗೂ ಬರುತ್ತದೆ. ನುಸಿಯೂ ಅಷ್ಟೇ. ಕೀಗಳ ಅಡಿಯ ಹಸಿರು ಅಥವಾ ಕೆಂಪು ಉಣ್ಣೆ ಪಟ್ಟಿ ತೇಪೆತೇಪೆಯಾಗಿ ಸವೆದು, ಅಕ್ಕಿಕಾಳಿನಂಥ ಬಿಳಿ ಕೋಶಗಳು ಅಂಟಿದ್ದರೆ ಆ ಪಿಯಾನೋ ಕಾರ್ಪೆಟ್ ಇರುವ ಮನೆಗೆ ಬೇಡ.

ಹಂತ 7: ದಂತದ ಕೀಗಳಿದ್ದರೆ ಕಾಗದಪತ್ರ

ಬಿಳಿ ಕೀಯ ಮೇಲೆ, ಕಪ್ಪು ಕೀಗಳ ಮುಂದಿನ ತುದಿಯ ಸಾಲಿನಲ್ಲಿ ಕೂದಲೆಳೆಯಂಥ ಅಡ್ಡ ಜೋಡಣೆ ಗೆರೆ ಕಂಡು, ಮೇಲ್ಮೈಯಲ್ಲಿ ಅಂಕುಡೊಂಕಾದ ಸೂಕ್ಷ್ಮ ಎಳೆಗಳಿದ್ದರೆ ಅದು ಬಹುಶಃ ಆನೆದಂತ. ಗೆರೆಯಿಲ್ಲದೆ ಒಂದೇ ತುಂಡಾಗಿದ್ದರೆ ಸೆಲ್ಯುಲಾಯ್ಡ್ ಅಥವಾ ಪ್ಲಾಸ್ಟಿಕ್.

ಬ್ರಿಟನ್ನಿನ 2018ರ ದಂತ ಕಾಯ್ದೆ 2022ರ ಜೂನ್ 6ರಿಂದ ಜಾರಿಯಲ್ಲಿದೆ. ದಂತವಿರುವ ವಸ್ತುಗಳ ವ್ಯಾಪಾರ ನಿಷಿದ್ಧ. 1975ಕ್ಕೆ ಮೊದಲು ತಯಾರಾದ, ಒಟ್ಟು ಗಾತ್ರದಲ್ಲಿ 20%ಕ್ಕಿಂತ ಕಡಿಮೆ ದಂತವಿರುವ ಸಂಗೀತ ವಾದ್ಯಗಳಿಗೆ ವಿನಾಯಿತಿ ಇದೆ. ಆದರೆ ಅದು ತಾನಾಗಿ ಸಿಗುವುದಿಲ್ಲ, ಮಾರುವವರು 20 ಪೌಂಡ್ ಶುಲ್ಕ ಕಟ್ಟಿ ಸರ್ಕಾರದಲ್ಲಿ ನೋಂದಾಯಿಸಬೇಕು, ಅದೂ ಮಾರಾಟಕ್ಕಿಡುವ ಮೊದಲು. ಕಾಯ್ದೆ ಕೊಳ್ಳುವವರನ್ನೂ ಹಿಡಿಯುತ್ತದೆ. ಹಾಗಾಗಿ ದುಡ್ಡು ಕೊಡುವ ಮೊದಲು ನೋಂದಣಿ ಸಂಖ್ಯೆ ಕೇಳಿ. ನಿಜವಾಗಿ ಉಡುಗೊರೆಯಾಗಿ ಕೊಟ್ಟರೆ ನೋಂದಣಿ ಬೇಕಿಲ್ಲ, ಮುಂದೆ ನೀವು ಮಾರುವಾಗ ಬೇಕಾಗುತ್ತದೆ.

ಹಂತ 8: ಟ್ಯೂನರ್ ತಪಾಸಣೆ, ಬೆಲೆ

ಇಷ್ಟರಲ್ಲಿ ಪಾಸಾದ ಪಿಯಾನೋ ಸಿಕ್ಕರೆ, ದುಡ್ಡು ಕೊಡುವ ಮೊದಲು ನಿಮ್ಮ ಕಡೆಯ ಟ್ಯೂನರ್‌ನಿಂದ ಪರೀಕ್ಷೆ ಮಾಡಿಸಿ. 1913ರಲ್ಲಿ ಹುಟ್ಟಿದ ಪಿಯಾನೋಫೋರ್ಟೆ ಟ್ಯೂನರ್ಸ್ ಅಸೋಸಿಯೇಷನ್ನಿನ ಸದಸ್ಯರು ದೇಶದ ಎಲ್ಲ ಕಡೆ ಇದ್ದಾರೆ. ಒಂದು ಸಲದ ಶ್ರುತಿಗೆ ಕೊಡುವಷ್ಟೇ, ಅಂದಾಜು 70ರಿಂದ 100 ಪೌಂಡ್, ತಪಾಸಣೆಗೂ ಹಿಡಿಯಿರಿ. ಅವರು ಬಿರಡೆಗೆ ಹತಾರ ಹಾಕಿ ಬಿಗಿತವನ್ನು ಕೈಯಲ್ಲೇ ಅಳೆಯುತ್ತಾರೆ. "ಇದು 440ಕ್ಕೆ ಬಂದು ನಿಲ್ಲುತ್ತದೆಯೇ? ಈಗ ಮಾಡಲೇಬೇಕಾದ ಕೆಲಸ ಎಷ್ಟು?" ಎಂದು ನೇರವಾಗಿ ಕೇಳಿ.

ಬೆಲೆಯ ವಿಷಯ ಚಿಕ್ಕದು. ರಿಪೇರಿಯಾಗದ ನೇರ ತಂತಿಯದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಅದನ್ನು ವಿಲೇವಾರಿ ಮಾಡಲು ಜನ ದುಡ್ಡು ಕೊಡುತ್ತಾರೆ. ಅದಕ್ಕೇ ಅದು ‘ಪುಕ್ಕಟೆ’. ಅಂಗಡಿಯಲ್ಲಿ ‘ರೀಕಂಡಿಷನ್ಡ್’, ‘ರೆಸ್ಟೋರ್ಡ್’ ಎಂಬ ಪದ ಕೇಳಿದರೆ ಅದಕ್ಕೆ ಖಚಿತ ಅರ್ಥವಿಲ್ಲ ಎಂದು ನೆನಪಿಡಿ. ಹೊರಗೆ ಹೊಸ ಪಾಲಿಶ್ ಹೊಡೆದು ಒಳಗೆ ಏನೂ ಮುಟ್ಟದೆ ಮಾರುವುದುಂಟು. ಹೊಸ ತಂತಿ ಹಾಕಿದ್ದೀರಾ, ಹೊಸ ಬಿರಡೆ ಹಾಕಿದ್ದೀರಾ, ಸುತ್ತಿಗೆ ಹೊಸದೋ ಉಜ್ಜಿದ್ದೋ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ವಾರಂಟಿ ಎಷ್ಟು ವರ್ಷ, ಶ್ರುತಿ ನಿಲ್ಲದಿದ್ದರೆ ಅದಕ್ಕೂ ಅನ್ವಯಿಸುತ್ತದೆಯೇ ಎಂಬುದೂ ಅದರಲ್ಲೇ ಇರಲಿ.

ಹಂತ 9: ಸಾಗಣೆ, ಜಾಗ

ಸುಮಾರು 200ರಿಂದ 250 ಕೆಜಿ ತೂಗುವ ಈ ವಸ್ತುವಿನ ಭಾರವೆಲ್ಲ ಹಿಂಭಾಗದಲ್ಲಿದೆ, ಹಾಗಾಗಿ ಅದು ಬೀಳುವುದು ಹಿಂದಕ್ಕೆ. ನಾಲ್ಕು ಜನ ಸ್ನೇಹಿತರು ಮತ್ತು ಬಾಡಿಗೆ ವ್ಯಾನು ಸಾಲದು. ಪಿಯಾನೋ ಸಾಗಿಸುವುದನ್ನೇ ವೃತ್ತಿಯಾಗಿಸಿಕೊಂಡವರನ್ನು, ವಿಮೆ ಇದೆಯೇ ಎಂದು ಕೇಳಿ ಕರೆಯಿರಿ. ಮೆಟ್ಟಿಲು ಎಷ್ಟು, ತಿರುವು ಎಲ್ಲಿ, ಎರಡೂ ಕಡೆಯ ಬಾಗಿಲ ಅಗಲ ಎಷ್ಟು ಎಂದು ಮೊದಲೇ ಫೋಟೋ ಸಮೇತ ಕಳಿಸಿ. ಉದ್ದ ಸುಮಾರು 150 ಸೆಂ.ಮೀ., ಆಳ 65 ಸೆಂ.ಮೀ. ಹಿಡಿದು ಲೆಕ್ಕ ಹಾಕಿ. ಸಾಲಾಗಿ ಅಂಟಿಕೊಂಡಿರುವ ಟೆರೇಸ್ ಮನೆಗಳಲ್ಲಿ ಬಾಗಿಲು ದಾಟುತ್ತದೆ, ಹಜಾರದ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಹಿತ್ತಾಳೆ ಚಕ್ರಗಳನ್ನು ನಂಬಿ ಎಳೆಯಬೇಡಿ. ಚಕ್ರ ಮುರಿಯುತ್ತದೆ ಅಥವಾ ನೆಲ ಗೀರುತ್ತದೆ.

ಒಳಗೋಡೆಗೆ ಇಡಿ. ರೇಡಿಯೇಟರ್ ಪಕ್ಕ, ಬಿಸಿಲು ಬೀಳುವ ಕಿಟಕಿಯೆದುರು ಬೇಡ. ಹಳೆಯ ಬ್ರಿಟಿಷ್ ಪಿಯಾನೋಗಳ ದೊಡ್ಡ ಶತ್ರು ಸೆಂಟ್ರಲ್ ಹೀಟಿಂಗ್. ಕಲ್ಲಿದ್ದಲ ಒಲೆಯ ತಣ್ಣನೆಯ ಮನೆಗಳಲ್ಲಿ ಹುಟ್ಟಿದ ಮರ, ಒಣಗಾಳಿಗೆ ಕುಗ್ಗಿ ಸೀಳುತ್ತದೆ. ಕೋಣೆಯ ಆರ್ದ್ರತೆ 45ರಿಂದ 60%ರೊಳಗೆ ಇರಲಿ, ಅಳೆಯುವ ಚಿಕ್ಕ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಕೆಳಗಿನ ಹಲಗೆಯ ಹಿಂದೆ ಜಾಮ್ ಬಾಟಲಿಯಲ್ಲಿ ನೀರಿಡುವ ಪದ್ಧತಿ ಅಲ್ಲಿನ ಅಜ್ಜಿಯರದು. ಅದರಿಂದ ಲಾಭ ಅಲ್ಪ, ಚೆಲ್ಲಿದರೆ ನಷ್ಟ.

ಮನೆಗೆ ಬಂದ ಎರಡು ಮೂರು ವಾರ ಬಿಟ್ಟು ಮೊದಲ ಶ್ರುತಿ ಮಾಡಿಸಿ. ಇಳಿದದ್ದನ್ನು ಮೇಲಕ್ಕೆ ತಂದಿದ್ದರೆ ಮೂರು ತಿಂಗಳೊಳಗೆ ಇನ್ನೊಮ್ಮೆ, ಆಮೇಲೆ ವರ್ಷಕ್ಕೆರಡು ಸಲ.

ಊರಿಗೆ ಒಯ್ಯುವ ಯೋಚನೆ ಇದ್ದರೆ

ದಂತದ ಕೀಗಳಿರುವ ಪಿಯಾನೋವನ್ನು ಬೆಂಗಳೂರಿಗೆ ಹಡಗಿನಲ್ಲಿ ಕಳಿಸುವ ಯೋಚನೆಯನ್ನೇ ಬಿಡಿ. ಭಾರತದಲ್ಲಿ ದಂತದ ವ್ಯಾಪಾರಕ್ಕೆ ನಿಷೇಧವಿದೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ವಾದ್ಯವೂ ಹೋಗುತ್ತದೆ. ದಂತವಿಲ್ಲದಿದ್ದರೂ ಮರ ಯಾವುದೆಂದು ಕೇಳಿ. ವಿಕ್ಟೋರಿಯಾ ಕಾಲದ ಪೆಟ್ಟಿಗೆಗಳಿಗೆ ಹೊದಿಸಿದ ಬ್ರೆಜಿಲ್ ರೋಸ್‌ವುಡ್ 1992ರಿಂದ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ.

ಇಂಗ್ಲೆಂಡಿನ ಮನೆಗೆಂದೇ ಮಾಡಿದ ವಾದ್ಯದ ಬಹುಪಾಲು ಜೋಡಣೆ ನಿಂತಿರುವುದು ಸರೇಸಿನ (ಪ್ರಾಣಿಜನ್ಯ ಅಂಟಿನ) ಮೇಲೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಮೆತ್ತಗಾಗಿ ಹೊದಿಕೆ ಏಳುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. ವಸಾಹತು ಕಾಲದಲ್ಲಿ ಭಾರತಕ್ಕೆಂದೇ ತಯಾರಾಗಿ ಬರುತ್ತಿದ್ದ ಪಿಯಾನೋಗಳ ಕಟ್ಟುವಿಕೆಯೇ ಬೇರೆ: ಹೊದಿಕೆಯ ಬದಲು ಇಡೀ ಗಟ್ಟಿಮರ, ಅಂಟಿನ ಜೊತೆಗೆ ಹಿತ್ತಾಳೆಯ ಸ್ಕ್ರೂ. ಬೆಂಗಳೂರು ದಂಡು ಪ್ರದೇಶದ ಹಳೆಯ ಮನೆಗಳಿಂದ ಇಂಥದ್ದು ಮಾರಾಟಕ್ಕೆ ಬಂದರೆ ಮೇಲಿನ ಹಂತಗಳನ್ನೇ ಪಾಲಿಸಿ, ಆದರೆ ನೋಡಲು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೋಗಿ. ಮಳೆಗಾಲದಲ್ಲಿ ಊದಿದ ಮರ ಸಡಿಲ ಬಿರಡೆಯನ್ನೂ ಬಿಗಿಯಾಗಿ ಹಿಡಿದು ತೋರಿಸುತ್ತದೆ.